ಜೇಕಬ್ ರೀಸ್

ಜೇಕಬ್ ಆಗಸ್ಟ್ ರೀಸ್ (ಮೇ 3, 1849 – ಮೇ 26, 1914) ಡೆನ್ಮಾರ್ಕ್ ಮೂಲದ ಅಮೆರಿಕನ್ ಪತ್ರಕರ್ತರು, ಲೇಖಕರು ಮತ್ತು ಸಮಾಜ ಸುಧಾರಕರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನ್ಯೂಯಾರ್ಕ್ ನಗರದ ಬೀದಿ, ಹಿತ್ತಿಲು, ವಠಾರ ಮತ್ತು ಪೊಲೀಸ್ ಠಾಣೆಗಳಲ್ಲಿ ರಾತ್ರಿ ಕಳೆಯುತ್ತಿದ್ದ ಮನೆಯಿಲ್ಲದವರನ್ನು ಛಾಯಾಚಿತ್ರಗಳ ಮೂಲಕ ದಾಖಲಿಸಿದ ಕಾರಣಕ್ಕೆ ಅವರು ಪ್ರಸಿದ್ಧರಾಗಿದ್ದಾರೆ. 1890ರಲ್ಲಿ ಪ್ರಕಟವಾದ ಅವರ 'ಹೌ ದಿ ಅದರ್ ಹಾಫ್ ಲಿವ್ಸ್' (ಉಳಿದರ್ಧ ಜನ ಬದುಕುವ ಬಗೆ) ಎಂಬ ಕೃತಿಯು ನಗರದ ಬಡತನದ ಬಗ್ಗೆ ಅಮೆರಿಕದ ಮಧ್ಯಮ ವರ್ಗದಲ್ಲಿ ವ್ಯಾಪಕ ಚರ್ಚೆಯನ್ನು ಹುಟ್ಟುಹಾಕಿತು. ವಲಸೆ ಬಂದ ಮೊದಲ ವರ್ಷದಲ್ಲಿ ರೀಸ್ ಸ್ವತಃ ಮನೆಯಿಲ್ಲದೆ ಬೀದಿಯಲ್ಲಿ ಮಲಗಿದ್ದರು. ಅಂದು ತಾವು ಮಲಗಿದ್ದ ಪೊಲೀಸ್ ತಂಗುಕೋಣೆಗಳನ್ನೇ ಕಾಲು ಶತಮಾನದ ನಂತರ ಮುಚ್ಚಿಸುವುದರಲ್ಲಿ ಅವರು ಪ್ರಮುಖ ಪಾತ್ರ ವಹಿಸಿದರು. ದಾಖಲಾತಿ ಛಾಯಾಗ್ರಹಣದ ಆರಂಭಕಾರರಲ್ಲಿ ಒಬ್ಬರೆಂದು ಗೌರವಿಸಲ್ಪಡುವ ಅವರ ವಿಧಾನಗಳು ಮತ್ತು ದೃಷ್ಟಿಕೋನ ಇಂದಿಗೂ ವಿಮರ್ಶೆಗೆ ಒಳಗಾಗುತ್ತಿವೆ.

ಜನನ ಮತ್ತು ಬಾಲ್ಯ

ರೀಸ್ ಅವರು ಡೆನ್ಮಾರ್ಕಿನ ನೈಋತ್ಯ ಭಾಗದಲ್ಲಿರುವ ರೀಬೆ ಎಂಬ ಪುರಾತನ ಪಟ್ಟಣದಲ್ಲಿ 1849ರ ಮೇ 3ರಂದು ಜನಿಸಿದರು. ತಂದೆ ನೀಲ್ಸ್ ಎಡ್ವರ್ಡ್ ರೀಸ್ ಶಾಲಾ ಶಿಕ್ಷಕರಾಗಿದ್ದು, ಸ್ಥಳೀಯ ಪತ್ರಿಕೆಗೂ ಬರೆಯುತ್ತಿದ್ದರು. ತಾಯಿ ಕ್ಯಾರೊಲಿನ್. ಸಾಕುಮಗಳೂ ಸೇರಿದಂತೆ ಹದಿನೈದು ಮಕ್ಕಳಿದ್ದ ದೊಡ್ಡ ಕುಟುಂಬ ಅದಾಗಿತ್ತು. ಆ ಮಕ್ಕಳಲ್ಲಿ ಬಹುಪಾಲು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು.

ರೀಬೆಯ ಅತ್ಯಂತ ಕೊಳಕು ಮನೆಯೊಂದರಲ್ಲಿ ವಾಸಿಸುತ್ತಿದ್ದ ಬಡ ಕುಟುಂಬಕ್ಕೆ ಬಾಲಕ ರೀಸ್ ತನಗೆ ಸಿಕ್ಕ ಕ್ರಿಸ್ಮಸ್ ಉಡುಗೊರೆಯ ಹಣವನ್ನು ಕೊಟ್ಟು, ಮನೆಯನ್ನು ಶುಚಿಯಾಗಿಡಬೇಕೆಂದು ಷರತ್ತು ವಿಧಿಸಿದ ಪ್ರಸಂಗವನ್ನು ಅವರ ಜೀವನಚರಿತ್ರೆಕಾರರು ಸಾಮಾನ್ಯವಾಗಿ ಉಲ್ಲೇಖಿಸುತ್ತಾರೆ. ನೆರವಿನ ಜೊತೆಗೆ ನಡತೆಯ ಷರತ್ತನ್ನೂ ಇಡುವ ಈ ಸ್ವಭಾವ ಮುಂದೆ ಅವರ ಸುಧಾರಣಾ ಕಾರ್ಯಗಳಲ್ಲಿಯೂ ಕಂಡುಬರುತ್ತದೆ.

ಮಗ ಸಾಹಿತ್ಯ ಅಥವಾ ಬೋಧನೆಯ ವೃತ್ತಿಯನ್ನು ಹಿಡಿಯಬೇಕೆಂಬುದು ತಂದೆಯ ಅಪೇಕ್ಷೆಯಾಗಿತ್ತು. ಆದರೆ ರೀಸ್ ಬಡಗಿ ಕೆಲಸವನ್ನು ಆರಿಸಿಕೊಂಡು ಕೋಪನ್‌ಹೇಗನ್ನಿನಲ್ಲಿ ತರಬೇತಿ ಪಡೆದರು. ಈ ಅವಧಿಯಲ್ಲಿ ರೀಬೆಯ ಶ್ರೀಮಂತ ಕುಟುಂಬದ ಸಾಕುಮಗಳಾಗಿದ್ದ ಎಲಿಸಬೆತ್ ಅವರನ್ನು ಪ್ರೀತಿಸಿದರು. ಆಕೆ ವಿವಾಹ ಪ್ರಸ್ತಾಪವನ್ನು ನಿರಾಕರಿಸಿದಾಗ ಊರು ಬಿಟ್ಟು ಅಮೆರಿಕಕ್ಕೆ ತೆರಳಲು ನಿರ್ಧರಿಸಿದರು.

ಅಮೆರಿಕಕ್ಕೆ ವಲಸೆ

1870ರ ಜೂನ್ ತಿಂಗಳಿನಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ರೀಸ್ ಹಡಗಿನ ಮೂಲಕ ನ್ಯೂಯಾರ್ಕ್ ತಲುಪಿದರು. ಸ್ನೇಹಿತರು ಕೂಡಿಸಿಕೊಟ್ಟ 40 ಡಾಲರ್ ಹಣ, ಎಲಿಸಬೆತ್ ಅವರ ಕೂದಲೆಳೆಯಿದ್ದ ಚಿನ್ನದ ಪದಕ ಮತ್ತು ಡೆನ್ಮಾರ್ಕಿನ ರಾಯಭಾರ ಕಚೇರಿಗೆ ಬರೆದ ಪರಿಚಯ ಪತ್ರಗಳು ಅವರ ಬಳಿಯಿದ್ದವು. ಅಪರಿಚಿತ ದೇಶದಲ್ಲಿ ಆತ್ಮರಕ್ಷಣೆಗೆ ಬೇಕಾಗಬಹುದೆಂದು ಭಾವಿಸಿ ಹಣದ ಅರ್ಧ ಭಾಗವನ್ನು ರಿವಾಲ್ವರ್ ಕೊಳ್ಳಲು ಖರ್ಚು ಮಾಡಿದರು.

ಮೊದಲಿಗೆ ಪೆನ್ಸಿಲ್ವೇನಿಯಾ ರಾಜ್ಯದ ಬ್ರೇಡೀಸ್ ಬೆಂಡ್ ಎಂಬಲ್ಲಿದ್ದ ಕಬ್ಬಿಣದ ಕಾರ್ಖಾನೆಯಲ್ಲಿ ಬಡಗಿಯಾಗಿ ಸೇರಿಕೊಂಡರು. ಕೆಲವೇ ವಾರಗಳಲ್ಲಿ ಫ್ರಾನ್ಸ್ ಮತ್ತು ಪ್ರಶ್ಯಗಳ ನಡುವೆ ಯುದ್ಧ ಆರಂಭವಾಯಿತು. ಡೆನ್ಮಾರ್ಕ್ ಕೂಡ ಫ್ರಾನ್ಸಿನ ಪರವಾಗಿ ಯುದ್ಧಕ್ಕೆ ಇಳಿಯುವುದೆಂದು ನಂಬಿದ ರೀಸ್, ಸೈನ್ಯ ಸೇರುವ ಉದ್ದೇಶದಿಂದ ಕೆಲಸ ತೊರೆದು ನ್ಯೂಯಾರ್ಕಿಗೆ ಮರಳಿದರು. ಅಲ್ಲಿ ಅವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವವರು ಯಾರೂ ಇರಲಿಲ್ಲ. ಕೈಯಲ್ಲಿದ್ದ ವಸ್ತುಗಳನ್ನು ಒತ್ತೆಯಿಟ್ಟು ಕೆಲವು ದಿನ ಕಳೆದ ಮೇಲೆ ಅವರು ಸಂಪೂರ್ಣ ನಿರ್ಗತಿಕರಾದರು.

ಮನೆಯಿಲ್ಲದ ದಿನಗಳು

1870ರ ಶರತ್ಕಾಲದಲ್ಲಿ ರೀಸ್ ನ್ಯೂಯಾರ್ಕಿನ ಬೀದಿಗಳಲ್ಲಿ ಅಲೆದರು. ಕಟ್ಟಡಗಳ ಬಾಗಿಲ ಸಂದಿಗಳಲ್ಲಿ ಮಲಗುವುದು, ಉಪಾಹಾರ ಗೃಹಗಳ ಹಿಂಬಾಗಿಲಲ್ಲಿ ಸಿಗುವ ಮಿಕ್ಕ ಆಹಾರದಿಂದ ಹೊಟ್ಟೆ ಹೊರೆಯುವುದು ಅವರ ದಿನಚರಿಯಾಯಿತು. ಬೀದಿ ನಾಯಿಯೊಂದು ಅವರ ಜೊತೆಗೂಡಿತು. ಒಂದು ಮಳೆಯ ರಾತ್ರಿ ನದಿಯ ದಂಡೆಯಲ್ಲಿ ಕುಳಿತು ಬದುಕನ್ನು ಕೊನೆಗೊಳಿಸುವ ಯೋಚನೆಯಲ್ಲಿದ್ದಾಗ ಆ ನಾಯಿಯ ಸಾಮೀಪ್ಯವೇ ತಮ್ಮನ್ನು ಉಳಿಸಿತೆಂದು ಅವರು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಆ ಕಾಲದಲ್ಲಿ ನ್ಯೂಯಾರ್ಕಿನ ಪೊಲೀಸ್ ಠಾಣೆಗಳಲ್ಲಿ ಮನೆಯಿಲ್ಲದವರಿಗೆ ರಾತ್ರಿ ತಂಗಲು ಉಚಿತ ಕೋಣೆಗಳಿದ್ದವು. ಹಾಸಿಗೆ, ಸ್ನಾನ, ಆಹಾರ ಯಾವುದೂ ಅಲ್ಲಿರಲಿಲ್ಲ. ಬರಿಯ ನೆಲದ ಮೇಲೆ ಅಥವಾ ಮರದ ಹಲಗೆಗಳ ಮೇಲೆ ಅಪರಿಚಿತರು ಒತ್ತೊತ್ತಾಗಿ ಮಲಗಬೇಕಾಗಿತ್ತು. ಚರ್ಚ್ ಬೀದಿಯ ಠಾಣೆಯಲ್ಲಿ ಒಂದು ರಾತ್ರಿ ರೀಸ್ ಆಶ್ರಯ ಪಡೆದರು. ನಾಯಿಯನ್ನು ಒಳಗೆ ಬಿಡಲಿಲ್ಲ. ಬೆಳಗಿನ ಹೊತ್ತಿಗೆ ಅವರ ಕೊರಳಲ್ಲಿದ್ದ ಚಿನ್ನದ ಪದಕ ಕಳುವಾಗಿತ್ತು. ದೂರು ನೀಡಿದಾಗ, ಅಂಥ ಪದಕ ಅಲೆಮಾರಿಯ ಬಳಿ ಇರಲು ಸಾಧ್ಯವಿಲ್ಲವೆಂದು ಠಾಣಾಧಿಕಾರಿ ಅವರನ್ನೇ ಕಳ್ಳನೆಂದು ಆರೋಪಿಸಿ ಹೊರಗೆ ದಬ್ಬಿಸಿದನು. ಹೊರಗೆ ಕಾದಿದ್ದ ನಾಯಿ ತನ್ನ ಒಡೆಯನ ಮೇಲೆ ಕೈಮಾಡಿದ ಪೊಲೀಸನ ಕಾಲನ್ನು ಕಚ್ಚಿತು. ಅವನು ಅದನ್ನು ಠಾಣೆಯ ಮೆಟ್ಟಿಲುಗಳಿಗೆ ಅಪ್ಪಳಿಸಿ ಕೊಂದನು.

ಈ ಘಟನೆಯ ನಂತರ ರೀಸ್ ನ್ಯೂಯಾರ್ಕ್ ತೊರೆದು ಫಿಲಡೆಲ್ಫಿಯಾಕ್ಕೆ ಹೋದರು. ಅಲ್ಲಿನ ಡ್ಯಾನಿಶ್ ರಾಯಭಾರಿಯ ಕುಟುಂಬ ಅವರಿಗೆ ಸುಮಾರು ಎರಡು ವಾರ ಆಶ್ರಯ ನೀಡಿ, ಕೆಲಸ ಹುಡುಕಲು ನೆರವಾಯಿತು. ಚರ್ಚ್ ಬೀದಿಯ ಆ ರಾತ್ರಿಯನ್ನು ಅವರು ಎಂದಿಗೂ ಮರೆಯಲಿಲ್ಲ.

ಪತ್ರಿಕಾ ವೃತ್ತಿ

ಮುಂದಿನ ಮೂರು ವರ್ಷಗಳಲ್ಲಿ ರೀಸ್ ಬಡಗಿ, ಕೃಷಿ ಕಾರ್ಮಿಕ, ಇಸ್ತ್ರಿಪೆಟ್ಟಿಗೆ ಮಾರುವವ ಹೀಗೆ ಹಲವು ಕೆಲಸಗಳನ್ನು ಮಾಡಿದರು. 1873ರಲ್ಲಿ ನ್ಯೂಯಾರ್ಕಿನ ಸುದ್ದಿಸಂಸ್ಥೆಯೊಂದರಲ್ಲಿ ಅವರಿಗೆ ವರದಿಗಾರನ ಕೆಲಸ ದೊರೆಯಿತು. ಅನಂತರ ಬ್ರೂಕ್ಲಿನ್ನಿನ ವಾರಪತ್ರಿಕೆಯೊಂದರ ಸಂಪಾದಕರಾಗಿ, ಅದನ್ನೇ ಕೊಂಡು ನಡೆಸಿ, ಲಾಭಕ್ಕೆ ಮಾರಿದರು. ಅಷ್ಟರಲ್ಲಿ ಎಲಿಸಬೆತ್ ಅವರಿಗೆ ನಿಶ್ಚಯವಾಗಿದ್ದ ವರ ತೀರಿಕೊಂಡಿದ್ದನು. ರೀಸ್ ಪತ್ರದ ಮೂಲಕ ಮತ್ತೊಮ್ಮೆ ಪ್ರಸ್ತಾಪ ಮಾಡಿದಾಗ ಆಕೆ ಒಪ್ಪಿದರು. 1876ರ ಮಾರ್ಚ್ 5ರಂದು ರೀಬೆಯಲ್ಲಿ ಅವರ ವಿವಾಹ ನಡೆಯಿತು.

ಅಮೆರಿಕಕ್ಕೆ ಹಿಂದಿರುಗಿದ ಮೇಲೆ ರೀಸ್ ಗಾಜಿನ ಸ್ಲೈಡುಗಳನ್ನು ಪರದೆಯ ಮೇಲೆ ಮೂಡಿಸುವ ದೀಪಯಂತ್ರವೊಂದನ್ನು ಕೊಂಡು, ಬ್ರೂಕ್ಲಿನ್ನಿನ ಬಯಲುಗಳಲ್ಲಿ ಜಾಹೀರಾತುಗಳನ್ನು ತೋರಿಸುತ್ತಿದ್ದರು. ಕತ್ತಲಲ್ಲಿ ಚಿತ್ರ ತೋರಿಸಿ ಜನರನ್ನು ಹಿಡಿದಿಡುವ ಈ ಅನುಭವ ಹತ್ತು ವರ್ಷಗಳ ನಂತರ ಉಪಯೋಗಕ್ಕೆ ಬಂತು.

1877ರಲ್ಲಿ 'ನ್ಯೂಯಾರ್ಕ್ ಟ್ರಿಬ್ಯೂನ್' ಪತ್ರಿಕೆಯ ಪೊಲೀಸ್ ವರದಿಗಾರರಾಗಿ ನೇಮಕಗೊಂಡರು. ಅವರ ಕಚೇರಿ ಮಲ್ಬೆರಿ ಬೀದಿಯಲ್ಲಿದ್ದ ಪೊಲೀಸ್ ಕೇಂದ್ರ ಕಚೇರಿಯ ಎದುರಿಗಿತ್ತು. ಅದೇ ಬೀದಿಯ ದಕ್ಷಿಣ ತುದಿಯಲ್ಲಿ ಮಲ್ಬೆರಿ ಬೆಂಡ್ ಎಂಬ ತಿರುವಿನ ಸುತ್ತ ನಗರದ ಅತ್ಯಂತ ಕುಖ್ಯಾತ ಕೊಳೆಗೇರಿ ಹಬ್ಬಿತ್ತು. ಕೊಲೆ, ಬೆಂಕಿ ಅನಾಹುತ, ಸಾಂಕ್ರಾಮಿಕ ರೋಗಗಳ ಸುದ್ದಿ ಸಂಗ್ರಹಿಸಲು ರಾತ್ರಿಯ ಪಾಳಿಯಲ್ಲಿ ದುಡಿಯುತ್ತಿದ್ದ ರೀಸ್, ಬೆಳಗಿನ ಜಾವ ಆರೋಗ್ಯ ಇಲಾಖೆಯ ಪೊಲೀಸರ ಜೊತೆ ವಠಾರಗಳ ತಪಾಸಣೆಗೆ ಹೋಗುತ್ತಿದ್ದರು. 1890ರಲ್ಲಿ ಅವರು 'ಈವ್ನಿಂಗ್ ಸನ್' ಪತ್ರಿಕೆಗೆ ಸೇರಿದರು.

ಅಂದಿನ ನ್ಯೂಯಾರ್ಕಿನ ವಸತಿ ಸ್ಥಿತಿ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಐರ್ಲೆಂಡ್, ಜರ್ಮನಿ, ಇಟಲಿ, ಪೂರ್ವ ಯುರೋಪ್ ಮತ್ತು ಚೀನಾದಿಂದ ಬಂದ ವಲಸಿಗರು ಮ್ಯಾನ್‌ಹಟನ್ನಿನ ದಕ್ಷಿಣ ಭಾಗದಲ್ಲಿ ನೆಲೆಸಿದರು. ಸಾಮಾನ್ಯವಾಗಿ 25 ಅಡಿ ಅಗಲ, 100 ಅಡಿ ಉದ್ದದ ನಿವೇಶನಗಳಲ್ಲಿ ಬಹುಮಹಡಿ ವಠಾರಗಳು ಎದ್ದವು. ನಡುವಿನ ಕೋಣೆಗಳಿಗೆ ಗಾಳಿ, ಬೆಳಕು ದೊರೆಯುತ್ತಿರಲಿಲ್ಲ.

ವಠಾರದ ಬಾಡಿಗೆಯನ್ನೂ ತೆರಲಾಗದವರಿಗೆ ದಿನಬಾಡಿಗೆಯ ತಂಗುಮನೆಗಳಿದ್ದವು. 25 ಸೆಂಟಿಗೆ ಮರೆಯಿರುವ ಮಂಚ ದೊರೆತರೆ, 7 ಸೆಂಟಿಗೆ ಎರಡು ತೊಲೆಗಳ ನಡುವೆ ಕಟ್ಟಿದ ಕ್ಯಾನ್ವಾಸಿನ ತೊಟ್ಟಿಲು ದೊರೆಯುತ್ತಿತ್ತು. ಕೆಲವು ವಠಾರಗಳಲ್ಲಿ ಬಾಡಿಗೆದಾರರೇ 5 ಸೆಂಟಿಗೆ ನೆಲದ ಮೇಲೆ ಜಾಗ ಕೊಡುತ್ತಿದ್ದರು. ಅದಕ್ಕೂ ಗತಿಯಿಲ್ಲದವರು ಪೊಲೀಸ್ ಠಾಣೆಗೆ ಹೋಗಬೇಕಿತ್ತು. ಮನೆಬಿಟ್ಟ ಬಾಲಕರಿಗಾಗಿ ಮಕ್ಕಳ ನೆರವು ಸಂಘವು ತಂಗುಮನೆಗಳನ್ನು ನಡೆಸುತ್ತಿದ್ದರೂ ಅನೇಕರು ಬೀದಿಯ ಉಗಿಕಿಂಡಿಗಳ ಮೇಲೆ, ನೆಲಮಾಳಿಗೆಯ ಮೆಟ್ಟಿಲುಗಳಲ್ಲಿ ಮಲಗುತ್ತಿದ್ದರು.

ಛಾಯಾಗ್ರಹಣದ ಆರಂಭ

ಈ ಪರಿಸ್ಥಿತಿಯ ಬಗ್ಗೆ ರೀಸ್ ಹತ್ತು ವರ್ಷ ನಿರಂತರವಾಗಿ ಬರೆದರೂ ಓದುಗರ ಮೇಲೆ ಅದರಿಂದ ಹೆಚ್ಚಿನ ಪರಿಣಾಮವಾಗಲಿಲ್ಲ. ರೇಖಾಚಿತ್ರ ಬಿಡಿಸುವ ಪ್ರಯತ್ನವೂ ಫಲಿಸಲಿಲ್ಲ. ಕತ್ತಲ ಕೋಣೆಗಳಲ್ಲಿ ಛಾಯಾಚಿತ್ರ ತೆಗೆಯಲು ಅಂದಿನ ಕ್ಯಾಮೆರಾಗಳಿಗೆ ಸಾಕಷ್ಟು ಬೆಳಕು ಸಿಗುತ್ತಿರಲಿಲ್ಲ. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೊಹಾನ್ನೆಸ್ ಗೇಡಿಕೆ ಎಂಬವರು ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಹಾಗೂ ಆಂಟಿಮನಿ ಸಲ್ಫೈಡ್ ಬೆರೆಸಿ, ಕ್ಷಣಮಾತ್ರ ಪ್ರಖರವಾಗಿ ಉರಿಯುವ ಫ್ಲ್ಯಾಶ್ ಪುಡಿಯನ್ನು ರೂಪಿಸಿದರು. ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ರೀಸ್ ಅದರ ಉಪಯೋಗವನ್ನು ಕೂಡಲೇ ಮನಗಂಡರು.

ನಗರದ ಆರೋಗ್ಯ ಇಲಾಖೆಯ ಅಧಿಕಾರಿ ಡಾ. ಜಾನ್ ನೇಗಲ್, ಹವ್ಯಾಸಿ ಛಾಯಾಗ್ರಾಹಕರಾದ ಹೆನ್ರಿ ಪಿಫಾರ್ಡ್ ಮತ್ತು ರಿಚರ್ಡ್ ಹೋ ಲಾರೆನ್ಸ್ ಅವರೊಡನೆ ಸೇರಿ ರಾತ್ರಿಯ ಹೊತ್ತು ಕೊಳೆಗೇರಿಗಳಿಗೆ ಹೋಗತೊಡಗಿದರು. ಅನೇಕ ವೇಳೆ ಪೊಲೀಸರೂ ಜೊತೆಗಿರುತ್ತಿದ್ದರು. ಕತ್ತಲಲ್ಲಿ ಮಸೂರದ ಮುಚ್ಚಳ ತೆರೆದು, ಪುಡಿಯನ್ನು ಹೊತ್ತಿಸಿ, ಮತ್ತೆ ಮುಚ್ಚಳ ಹಾಕುವುದು ಅವರ ವಿಧಾನವಾಗಿತ್ತು. ಪುಡಿಯ ತೋಟಾವನ್ನು ಹಾರಿಸಲು ಮೊದಲಿಗೆ ಪಿಸ್ತೂಲನ್ನು ಬಳಸಿದರು. ಮಧ್ಯರಾತ್ರಿ ಪಿಸ್ತೂಲು ಹಿಡಿದು ಬರುವ ಅಪರಿಚಿತರನ್ನು ಕಂಡು ಜನ ಹೆದರಿ ಓಡುತ್ತಿದ್ದುದರಿಂದ, ಆಮೇಲೆ ಬಾಣಲೆಯಲ್ಲಿ ಪುಡಿ ಹಾಕಿ ಹೊತ್ತಿಸತೊಡಗಿದರು. 1888ರ ಫೆಬ್ರವರಿ 12ರಂದು 'ನ್ಯೂಯಾರ್ಕ್ ಸನ್' ಪತ್ರಿಕೆಯಲ್ಲಿ ಈ ಛಾಯಾಚಿತ್ರಗಳನ್ನು ಆಧರಿಸಿದ ಹನ್ನೆರಡು ರೇಖಾಚಿತ್ರಗಳೊಡನೆ ಲೇಖನವೊಂದು ಪ್ರಕಟವಾಯಿತು.

ಜೊತೆಗಾರರ ಆಸಕ್ತಿ ಬೇಗನೆ ಕುಗ್ಗಿತು. ಆಗ ರೀಸ್ 25 ಡಾಲರ್ ವೆಚ್ಚದಲ್ಲಿ ಸ್ವಂತ ಕ್ಯಾಮೆರಾ ಮತ್ತು ಸಲಕರಣೆಗಳನ್ನು ಕೊಂಡರು. ಅಭ್ಯಾಸಕ್ಕಾಗಿ ಅವರು ಮೊದಲು ಹೋದದ್ದು ನಿರ್ಗತಿಕರ ಮತ್ತು ಅನಾಥ ಶವಗಳನ್ನು ಹೂಳುತ್ತಿದ್ದ ಹಾರ್ಟ್ ದ್ವೀಪದ ಸಾರ್ವಜನಿಕ ಸ್ಮಶಾನಕ್ಕೆ. ಬೆಳಕಿಗೆ ಒಡ್ಡಿದ ಪ್ಲೇಟನ್ನು ಹೊಸ ಪ್ಲೇಟುಗಳೊಡನೆ ಬೆರೆಸಿಬಿಟ್ಟ ಕಾರಣ, ಒಂದು ಚಿತ್ರವನ್ನು ಪಡೆಯಲು ಹನ್ನೆರಡನ್ನೂ ಸಂಸ್ಕರಿಸಬೇಕಾಯಿತು. ಹೆಚ್ಚು ಬೆಳಕು ತಾಗಿ ಕಪ್ಪಾಗಿ ಮೂಡಿದ್ದ ಆ ಚಿತ್ರದ ಮಬ್ಬು ಸ್ಮಶಾನದ ವಿಷಣ್ಣತೆಗೆ ಹೊಂದಿಕೊಂಡಿತು.

ಫ್ಲ್ಯಾಶ್ ಪುಡಿ ಅಪಾಯಕಾರಿಯಾಗಿತ್ತು. ಅಂಧರು ವಾಸಿಸುತ್ತಿದ್ದ ವಠಾರದ ಕೋಣೆಯೊಂದರಲ್ಲಿ ಚಿತ್ರ ತೆಗೆಯುವಾಗ ಗೋಡೆಗೆ ಅಂಟಿದ್ದ ಕಾಗದ ಮತ್ತು ಚಿಂದಿಗೆ ಬೆಂಕಿ ತಗುಲಿತು. ನೆಲೆಯರಿಯದ ಅಂಧರನ್ನು ಹೊರಗೆ ಸಾಗಿಸುವುದು ಸಾಧ್ಯವಿಲ್ಲವೆಂದರಿತ ರೀಸ್ ತಾವೇ ಬೆಂಕಿಯನ್ನು ಬಡಿದು ಆರಿಸಿದರು. ಮತ್ತೊಂದು ಸಂದರ್ಭದಲ್ಲಿ ಪುಡಿ ಮುಖದ ಮುಂದೆಯೇ ಸಿಡಿದಾಗ ಕನ್ನಡಕದಿಂದಾಗಿ ಅವರ ದೃಷ್ಟಿ ಉಳಿಯಿತು.

ಮನೆಯಿಲ್ಲದವರ ಚಿತ್ರಗಳು

ರೀಸ್ ಅವರ ಸಂಗ್ರಹದಲ್ಲಿರುವ ಚಿತ್ರಗಳನ್ನು ಸ್ಥೂಲವಾಗಿ ಎರಡು ಬಗೆಯವೆಂದು ಗುರುತಿಸಬಹುದು. ಮೊದಲನೆಯವು ಎಚ್ಚರಿಕೆ ನೀಡದೆ ತೆಗೆದವು. ಬೇಯಾರ್ಡ್ ಬೀದಿಯ ವಠಾರವೊಂದರಲ್ಲಿ 5 ಸೆಂಟ್ ತೆತ್ತು ಮಲಗಿದ್ದವರ 1889ರ ಚಿತ್ರ ಇದಕ್ಕೆ ಪ್ರಸಿದ್ಧ ಉದಾಹರಣೆ. ಇಕ್ಕಟ್ಟಾದ ಕೋಣೆ, ತೂಗುಹಾಕಿದ ಬಟ್ಟೆ, ರಾಶಿಬಿದ್ದ ಬೂಟು ಮತ್ತು ಗಂಟುಮೂಟೆಗಳ ನಡುವೆ ನಿದ್ದೆಗಣ್ಣಿನಲ್ಲಿ ತಲೆಯೆತ್ತಿದ ಮುಖಗಳು ಅದರಲ್ಲಿವೆ.

ಎರಡನೆಯವು ಚಿತ್ರದಲ್ಲಿರುವವರ ಸಹಕಾರದಿಂದ ತೆಗೆದವು. ಮಲ್ಬೆರಿ ಬೀದಿಯ ಕಟ್ಟಡದ ಮೂಲೆಯಲ್ಲಿ ಬರಿಗಾಲಿನ ಬಾಲಕರು ಒಬ್ಬರಿಗೊಬ್ಬರು ಒರಗಿ ಮಲಗಿರುವ ಚಿತ್ರವನ್ನು ಹಗಲಿನಲ್ಲಿ, ಅವರನ್ನು ಹಾಗೆ ಕುಳ್ಳಿರಿಸಿ ತೆಗೆಯಲಾಗಿದೆಯೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಎಲ್ಡ್ರಿಜ್ ಬೀದಿಯ ಪೊಲೀಸ್ ಠಾಣೆಯ ಚಿತ್ರದಲ್ಲಿ ವೃದ್ಧೆಯೊಬ್ಬಳು ತಾನು ಮಲಗುವ ಹಲಗೆಯೊಡನೆ ನಿಂತು ಕ್ಯಾಮೆರಾವನ್ನು ನೇರವಾಗಿ ದಿಟ್ಟಿಸುತ್ತಾಳೆ.

ಮಲ್ಬೆರಿ ಬೆಂಡ್‌ನ ಹಿತ್ತಿಲೊಂದರಲ್ಲಿ ಏಣಿಯ ಮೇಲೆ ಕುಳಿತ ಅಲೆಮಾರಿಯ ಚಿತ್ರದ ಹಿನ್ನೆಲೆಯನ್ನು ರೀಸ್ ತಮ್ಮ ಕೃತಿಯಲ್ಲಿ ವಿವರಿಸಿದ್ದಾರೆ. 10 ಸೆಂಟ್ ಕೊಡುವುದಾಗಿ ಹೇಳಿದಾಗ ಆತ ಚಿತ್ರಕ್ಕೆ ಒಪ್ಪಿದ. ಎಲ್ಲ ಸಿದ್ಧವಾದ ಗಳಿಗೆಯಲ್ಲಿ ಬಾಯಲ್ಲಿದ್ದ ಮಣ್ಣಿನ ಚಿಲುಮೆಯನ್ನು ತೆಗೆದು ಜೇಬಿಗಿಟ್ಟುಕೊಂಡು, ಒಪ್ಪಂದದಲ್ಲಿ ಚಿಲುಮೆ ಸೇರಿಲ್ಲವೆಂದೂ ಅದು ಬೇಕಾದರೆ 25 ಸೆಂಟ್ ಆಗುವುದೆಂದೂ ತಿಳಿಸಿದ. ರೀಸ್ ಒಪ್ಪಲೇಬೇಕಾಯಿತು. ಅವರು ಇದನ್ನು ಅಲೆಮಾರಿಗಳ ಮೈಗಳ್ಳತನದ ಮತ್ತು ಚಾಲಾಕಿತನದ ನಿದರ್ಶನವಾಗಿ ಬಳಸಿದರು. ಆದರೆ ತನ್ನ ಚಿತ್ರ ಹೇಗಿರಬೇಕು, ಅದರ ಬೆಲೆ ಎಷ್ಟು ಎಂಬುದನ್ನು ಚಿತ್ರದಲ್ಲಿರುವ ವ್ಯಕ್ತಿಯೇ ನಿರ್ಧರಿಸಿದ ಅಪರೂಪದ ಸಂದರ್ಭವಾಗಿಯೂ ಈ ಪ್ರಸಂಗವನ್ನು ಓದಬಹುದು.

ಮಕ್ಕಳ ವಿಷಯದಲ್ಲಿ ರೀಸ್ ಅವರ ಪರಿಚಯ ಇನ್ನಷ್ಟು ಆಳವಾಗಿತ್ತು. 1892ರ 'ದಿ ಚಿಲ್ಡ್ರನ್ ಆಫ್ ದಿ ಪೂರ್' (ಬಡವರ ಮಕ್ಕಳು) ಕೃತಿಗಾಗಿ ಅವರು ಶಾಲೆ, ಕಾರ್ಖಾನೆ ಮತ್ತು ಬೀದಿಗಳಲ್ಲಿ ಮಕ್ಕಳನ್ನು ಮಾತನಾಡಿಸಿ ಅವರ ಹೆಸರು, ಕೆಲಸ, ಸಂಪಾದನೆಗಳನ್ನು ಬರೆದುಕೊಂಡರು. ತಾಯಿಯಿಲ್ಲದ ಮನೆಯಲ್ಲಿ ಒಡಹುಟ್ಟಿದವರಿಗೆ ಅಡುಗೆ ಮಾಡಿ, ನೆಲ ಉಜ್ಜಿ, ಸಂಸಾರ ತೂಗಿಸುತ್ತಿದ್ದ ಒಂಬತ್ತು ವರ್ಷದ ಬಾಲಕಿಯ ನಿಂತ ಚಿತ್ರ ಈ ಕೃತಿಯಿಂದಾಗಿ ಪ್ರಸಿದ್ಧವಾಯಿತು.

'ಹೌ ದಿ ಅದರ್ ಹಾಫ್ ಲಿವ್ಸ್'

1888ರಿಂದ ರೀಸ್ ತಮ್ಮ ಚಿತ್ರಗಳನ್ನು ಗಾಜಿನ ಸ್ಲೈಡುಗಳಾಗಿ ಮಾಡಿ ಚರ್ಚುಗಳಲ್ಲಿ ಮತ್ತು ಸಭಾಂಗಣಗಳಲ್ಲಿ ಉಪನ್ಯಾಸ ನೀಡತೊಡಗಿದರು. 1889ರ ಕ್ರಿಸ್ಮಸ್ ಸಂಚಿಕೆಯಲ್ಲಿ 'ಸ್ಕ್ರಿಬ್ನರ್ಸ್' ಮಾಸಪತ್ರಿಕೆ ಅವರ ದೀರ್ಘ ಲೇಖನವನ್ನು ಪ್ರಕಟಿಸಿತು. ಅದರಲ್ಲಿ ಛಾಯಾಚಿತ್ರಗಳನ್ನು ಆಧರಿಸಿದ ರೇಖಾಚಿತ್ರಗಳಿದ್ದವು. ಇದರ ವಿಸ್ತೃತ ರೂಪವೇ 1890ರ ನವೆಂಬರಿನಲ್ಲಿ ಹೊರಬಂದ ಪುಸ್ತಕ. ಛಾಯಾಚಿತ್ರದ ನೆರಳು ಬೆಳಕುಗಳನ್ನು ಚುಕ್ಕೆಗಳಾಗಿ ಒಡೆದು ಪಠ್ಯದೊಡನೆ ಅಚ್ಚುಹಾಕುವ ಹಾಫ್‌ಟೋನ್ ವಿಧಾನವನ್ನು ಹೆಚ್ಚಿನ ಪ್ರಮಾಣದಲ್ಲಿ ಬಳಸಿದ ಮೊದಲ ಪುಸ್ತಕಗಳಲ್ಲಿ ಇದೂ ಒಂದು. ಆದರೂ ಪುಸ್ತಕದ ಚಿತ್ರಗಳಲ್ಲಿ ಸುಮಾರು ಅರ್ಧದಷ್ಟು ರೇಖಾಚಿತ್ರಗಳೇ ಆಗಿದ್ದವು.

ಪುಸ್ತಕದಲ್ಲಿ ವಠಾರಗಳ ಇತಿಹಾಸ, ಒಂದೊಂದು ವಲಸಿಗ ಸಮುದಾಯದ ಜೀವನ, ತಂಗುಮನೆಗಳು, ಬೀದಿ ಬಾಲಕರು, ದುಡಿಯುವ ಹೆಂಗಸರು ಹಾಗೂ ಪರಿಹಾರೋಪಾಯಗಳ ಕುರಿತ ಅಧ್ಯಾಯಗಳಿವೆ. ಪೊಲೀಸ್ ಠಾಣೆಗಳು ಒಂದು ವರ್ಷದಲ್ಲಿ ಸುಮಾರು ಒಂದೂವರೆ ಲಕ್ಷ ರಾತ್ರಿವಾಸಗಳನ್ನು ಒದಗಿಸಿದ್ದವೆಂಬ ಲೆಕ್ಕವನ್ನು ರೀಸ್ ಅದರಲ್ಲಿ ಕೊಟ್ಟಿದ್ದಾರೆ. ಕೆಟ್ಟ ವಸತಿಯೇ ರೋಗ, ಅಪರಾಧ ಮತ್ತು ಅನೀತಿಗಳಿಗೆ ಕಾರಣವೆಂಬುದು ಅವರ ಮುಖ್ಯ ವಾದ.

ಪೊಲೀಸ್ ತಂಗುಕೋಣೆಗಳ ವಿರುದ್ಧ ಹೋರಾಟ

1890ರ ದಶಕದ ಆರಂಭದಲ್ಲಿ ನಗರದಲ್ಲಿ ಟೈಫಸ್ ಜ್ವರ ಹರಡುವ ಭೀತಿ ಉಂಟಾದಾಗ, ಪೊಲೀಸ್ ತಂಗುಕೋಣೆಗಳು ರೋಗದ ತವರಾಗಬಹುದೆಂದು ರೀಸ್ ಎಚ್ಚರಿಸಿದರು. ಹಲವು ಠಾಣೆಗಳ ತಂಗುಕೋಣೆಗಳಲ್ಲಿ ಚಿತ್ರಗಳನ್ನು ತೆಗೆದು ವೈದ್ಯರ ಮುಂದೆ ಮತ್ತು ಸಾರ್ವಜನಿಕರ ಮುಂದೆ ಪ್ರದರ್ಶಿಸಿದರು. ಆದರೆ ಆಡಳಿತ ಕ್ರಮ ಕೈಗೊಳ್ಳಲಿಲ್ಲ.

ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡೋರ್ ರೂಸ್‌ವೆಲ್ಟ್, ರೀಸ್ ಅವರ ಪುಸ್ತಕವನ್ನು ಓದಿ, ನೆರವು ನೀಡುವ ಇಚ್ಛೆಯಿಂದ ಅವರ ಕಚೇರಿಗೆ ಬಂದಿದ್ದರು. ರೀಸ್ ಅಂದು ಅಲ್ಲಿರಲಿಲ್ಲವಾದ್ದರಿಂದ ಚೀಟಿಯೊಂದನ್ನು ಬರೆದಿಟ್ಟು ಹೋದರು. 1895ರಲ್ಲಿ ರೂಸ್‌ವೆಲ್ಟ್ ನ್ಯೂಯಾರ್ಕಿನ ಪೊಲೀಸ್ ಆಯುಕ್ತರ ಮಂಡಳಿಯ ಅಧ್ಯಕ್ಷರಾದಾಗ ಈ ಪರಿಚಯ ಗಾಢ ಸ್ನೇಹವಾಯಿತು. ಇಬ್ಬರೂ ರಾತ್ರಿಯ ಹೊತ್ತು ಮುನ್ಸೂಚನೆಯಿಲ್ಲದೆ ನಗರವನ್ನು ಸುತ್ತಿ ಪೊಲೀಸರ ಕಾರ್ಯವೈಖರಿಯನ್ನು ಪರಿಶೀಲಿಸುತ್ತಿದ್ದರು. ಅಂತಹ ಒಂದು ರಾತ್ರಿ ರೀಸ್ ಅವರನ್ನು ಚರ್ಚ್ ಬೀದಿಯ ಠಾಣೆಗೆ ಕರೆದೊಯ್ದು, 1870ರಲ್ಲಿ ತಾವು ಮಲಗಿದ್ದ ಕೋಣೆಯನ್ನು ತೋರಿಸಿ, ಪದಕದ ಕಳವು ಮತ್ತು ನಾಯಿಯ ಸಾವಿನ ಕಥೆಯನ್ನು ಹೇಳಿದರು. 1896ರ ಫೆಬ್ರವರಿಯಲ್ಲಿ ರೂಸ್‌ವೆಲ್ಟ್ ಪೊಲೀಸ್ ತಂಗುಕೋಣೆಗಳನ್ನು ಮುಚ್ಚಿಸಿದರು.

ಈ ಕ್ರಮದ ಪರಿಣಾಮ ಎರಡು ಬಗೆಯದಾಗಿತ್ತು. ಸ್ನಾನ, ಶುಚಿಯಾದ ಉಡುಪು ಮತ್ತು ವೈದ್ಯಕೀಯ ತಪಾಸಣೆಯುಳ್ಳ ಪುರಸಭಾ ತಂಗುಮನೆಯ ವ್ಯವಸ್ಥೆಗೆ ಇದು ದಾರಿ ಮಾಡಿಕೊಟ್ಟಿತು. ಆರಂಭದಲ್ಲಿ ಈ ತಂಗುಮನೆ ನದಿಯಲ್ಲಿ ನಿಲ್ಲಿಸಿದ ದೋಣಿಯೊಂದರಲ್ಲಿ ನಡೆಯಿತು. ಆದರೆ ನಗರದ ಉದ್ದಗಲಕ್ಕೂ ಹರಡಿದ್ದ, ಪ್ರಶ್ನೆ ಕೇಳದೆ ಒಳಗೆ ಬಿಡುತ್ತಿದ್ದ ಆಶ್ರಯ ಇಲ್ಲವಾಯಿತು. ಹೊಸ ವ್ಯವಸ್ಥೆಯಲ್ಲಿ ಆಶ್ರಯ ಬೇಡುವವರ ಹಿನ್ನೆಲೆಯನ್ನು ವಿಚಾರಿಸಲಾಗುತ್ತಿತ್ತು. ಚಳಿಗಾಲದಲ್ಲಿ ಬಡವರನ್ನು ಬೀದಿಗೆ ತಳ್ಳಲಾಯಿತೆಂಬ ಆಕ್ಷೇಪ ಅಂದಿನ ಕೆಲವು ಪತ್ರಿಕೆಗಳಲ್ಲಿ ವ್ಯಕ್ತವಾಯಿತು. ಅಂಥ ಕೋಣೆಗಳು ದುಡಿಯಬಲ್ಲವರನ್ನು ಸೋಮಾರಿಗಳನ್ನಾಗಿಸುತ್ತವೆ, ನಿಜವಾಗಿ ಕಷ್ಟದಲ್ಲಿರುವ ಯುವಕರನ್ನು ಕೆಡಿಸುತ್ತವೆ ಎಂಬ ನಿಲುವನ್ನು ರೀಸ್ ಬದಲಿಸಲಿಲ್ಲ.

ಇತರ ಸುಧಾರಣಾ ಕಾರ್ಯಗಳು

1891ರಲ್ಲಿ ನ್ಯೂಯಾರ್ಕಿಗೆ ಕುಡಿಯುವ ನೀರು ಪೂರೈಸುತ್ತಿದ್ದ ಕ್ರೋಟನ್ ಜಲಾನಯನ ಪ್ರದೇಶಕ್ಕೆ ಕ್ಯಾಮೆರಾದೊಡನೆ ತೆರಳಿದ ರೀಸ್, ಅಲ್ಲಿನ ತೊರೆಗಳಿಗೆ ಕೊಳಚೆ ಸೇರುತ್ತಿರುವುದನ್ನು ದಾಖಲಿಸಿ ವರದಿ ಪ್ರಕಟಿಸಿದರು. ಪರಿಣಾಮವಾಗಿ ನಗರಾಡಳಿತ ಜಲಮೂಲದ ಸುತ್ತಲಿನ ಜಮೀನನ್ನು ಕೊಂಡು ಸಂರಕ್ಷಿಸಿತು.

ಅವರ ಬಹುಕಾಲದ ಒತ್ತಾಯದಿಂದ 1895ರಲ್ಲಿ ಮಲ್ಬೆರಿ ಬೆಂಡ್‌ನ ವಠಾರಗಳನ್ನು ಕೆಡವಲಾಯಿತು. ಆ ಜಾಗದಲ್ಲಿ 1897ರಲ್ಲಿ ಉದ್ಯಾನವನ ತೆರೆಯಿತು. ಅದರ ಉದ್ಘಾಟನಾ ಸಮಾರಂಭಕ್ಕೆ ರೀಸ್ ಅವರಿಗೆ ಅಧಿಕೃತ ಆಹ್ವಾನವಿರಲಿಲ್ಲ. ಪ್ರತಿ ವಠಾರದ ಕೋಣೆಗೂ ಹೊರಗಿನ ಗಾಳಿ ಬೆಳಕು, ಪ್ರತಿ ಮನೆಗೂ ಶೌಚಾಲಯ ಹಾಗೂ ಬೆಂಕಿಯಿಂದ ರಕ್ಷಣೆಯನ್ನು ಕಡ್ಡಾಯಗೊಳಿಸಿದ 1901ರ ವಠಾರ ವಸತಿ ಕಾಯಿದೆಗೆ ಜನಾಭಿಪ್ರಾಯ ರೂಪಿಸಿದವರಲ್ಲಿಯೂ ಅವರು ಪ್ರಮುಖರು.

ಕೊನೆಯ ದಿನಗಳು

1901ರಲ್ಲಿ ರೀಸ್ ಅವರ ಆತ್ಮಕಥೆ 'ದಿ ಮೇಕಿಂಗ್ ಆಫ್ ಆ್ಯನ್ ಅಮೆರಿಕನ್' ಪ್ರಕಟವಾಗಿ ಜನಪ್ರಿಯವಾಯಿತು. ಅದೇ ವರ್ಷ, ಅವರ ವಿವಾಹದ ಬೆಳ್ಳಿಹಬ್ಬದ ಸಂದರ್ಭದಲ್ಲಿ, ಅವರು ನೆರವಾಗುತ್ತಿದ್ದ ಸೇವಾಕೇಂದ್ರವೊಂದಕ್ಕೆ ಅವರ ಹೆಸರಿಡಲಾಯಿತು. ಪತ್ನಿ ಎಲಿಸಬೆತ್ 1905ರಲ್ಲಿ ನಿಧನರಾದರು. 1907ರಲ್ಲಿ ರೀಸ್ ಮೇರಿ ಫಿಲಿಪ್ಸ್ ಅವರನ್ನು ವಿವಾಹವಾದರು. ಹೃದ್ರೋಗದಿಂದ ಬಳಲುತ್ತಿದ್ದರೂ ದೇಶದಾದ್ಯಂತ ಉಪನ್ಯಾಸ ಪ್ರವಾಸವನ್ನು ಮುಂದುವರಿಸಿದರು. 1914ರ ಮೇ 26ರಂದು ಮ್ಯಾಸಚೂಸೆಟ್ಸ್ ರಾಜ್ಯದ ಬ್ಯಾರೆಯಲ್ಲಿದ್ದ ತಮ್ಮ ತೋಟದ ಮನೆಯಲ್ಲಿ ಕೊನೆಯುಸಿರೆಳೆದರು. ಅವರ ಸಮಾಧಿಯ ಮೇಲೆ ಹೆಸರು ಕೆತ್ತದ ಬಂಡೆಗಲ್ಲೊಂದನ್ನು ಇರಿಸಲಾಗಿದೆ.

ಚಿತ್ರಗಳ ಮರುಶೋಧ

ರೀಸ್ ತಮ್ಮನ್ನು ಎಂದೂ ಛಾಯಾಗ್ರಾಹಕರೆಂದು ಭಾವಿಸಲಿಲ್ಲ. ಚಿತ್ರಗಳು ಅವರಿಗೆ ಬರವಣಿಗೆ ಮತ್ತು ಉಪನ್ಯಾಸಗಳಿಗೆ ಸಾಕ್ಷ್ಯ ಮಾತ್ರವಾಗಿದ್ದವು. 1890ರ ದಶಕದ ಕೊನೆಯ ವೇಳೆಗೆ ಕ್ಯಾಮೆರಾವನ್ನು ಬಹುಮಟ್ಟಿಗೆ ಬದಿಗಿಟ್ಟರು. ಅವರ ಮರಣಾನಂತರ ಗಾಜಿನ ನೆಗೆಟಿವ್‌ಗಳು ಕ್ವೀನ್ಸ್‌ನ ರಿಚ್ಮಂಡ್ ಹಿಲ್‌ನಲ್ಲಿದ್ದ ಮನೆಯ ಅಟ್ಟದಲ್ಲಿ ಮರೆಯಾಗಿ ಉಳಿದವು. ಛಾಯಾಗ್ರಾಹಕ ಅಲೆಕ್ಸಾಂಡರ್ ಆಲಂಡ್ ಅವರ ಸತತ ಶೋಧದ ಫಲವಾಗಿ 1946ರಲ್ಲಿ 400ಕ್ಕೂ ಹೆಚ್ಚು ನೆಗೆಟಿವ್‌ಗಳು ದೊರೆತು, ನ್ಯೂಯಾರ್ಕ್ ನಗರ ವಸ್ತುಸಂಗ್ರಹಾಲಯವನ್ನು ಸೇರಿದವು. 1947ರಲ್ಲಿ ಆಲಂಡ್ ಅವುಗಳಿಂದ ಹೊಸ ಮುದ್ರಿಕೆಗಳನ್ನು ತಯಾರಿಸಿ ಪ್ರದರ್ಶನ ಏರ್ಪಡಿಸಿದರು. ಛಾಯಾಗ್ರಹಣದ ಇತಿಹಾಸದಲ್ಲಿ ರೀಸ್ ಅವರಿಗೆ ಸ್ಥಾನ ದೊರೆತದ್ದು ಇದರ ನಂತರವೇ.

ವಿಮರ್ಶೆ

ರೀಸ್ ಅವರ ಬರವಣಿಗೆಯಲ್ಲಿ ಚೀನೀಯರು, ಇಟಾಲಿಯನ್ನರು, ಯಹೂದಿಗಳು ಮತ್ತು ಐರಿಷ್ ಜನರ ಬಗ್ಗೆ ಪೂರ್ವಗ್ರಹದ ಮಾತುಗಳು ಹೇರಳವಾಗಿವೆ. ಚೀನೀಯರ ಕುರಿತಾದ ಅಧ್ಯಾಯ ವಿಶೇಷವಾಗಿ ಕಠೋರವಾದುದು. ಬಡವರನ್ನು ನೆರವಿಗೆ ಅರ್ಹರು ಮತ್ತು ಅನರ್ಹರು ಎಂದು ವಿಂಗಡಿಸುವ ಅಂದಿನ ದಾನಸಂಸ್ಥೆಗಳ ಧೋರಣೆಯನ್ನು ಅವರು ಒಪ್ಪಿದ್ದರು. ಸ್ವತಃ ಅಲೆಮಾರಿಯಾಗಿ ಬದುಕಿದ್ದರೂ ಇತರ ಅಲೆಮಾರಿಗಳನ್ನು ತಮ್ಮಂತೆಯೇ ಸಂಕಷ್ಟಕ್ಕೆ ಸಿಲುಕಿದವರೆಂದು ಕಾಣುವ ಬದಲು, ದುಡಿಯಲು ಒಲ್ಲದವರೆಂದು ಪರಿಗಣಿಸಿದರು.

ಮಲಗಿದ್ದವರ ಕೋಣೆಗೆ ಪೊಲೀಸರೊಡನೆ ನುಗ್ಗಿ, ಒಪ್ಪಿಗೆಯಿಲ್ಲದೆ ಚಿತ್ರ ತೆಗೆದ ವಿಧಾನವೂ ಪ್ರಶ್ನೆಗೆ ಒಳಗಾಗಿದೆ. ಬಾಗಿಲು ಮುಚ್ಚಿಕೊಳ್ಳುವ ಹಕ್ಕಿಲ್ಲದವರ ಮುಖಗಳನ್ನು, ಬಾಗಿಲುಳ್ಳ ಮನೆಯವರು ನೋಡಲೆಂದು ತೆಗೆಯಲಾಗಿತ್ತು. ಚಿತ್ರಗಳ ಕರ್ತೃತ್ವದ ವಿಚಾರವೂ ಜಟಿಲವಾಗಿದೆ. ರೀಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ, ಮಲ್ಬೆರಿ ಬೀದಿಯ ಓಣಿಯೊಂದರಲ್ಲಿ ನಿಂತ ಗುಂಪಿನ 1888ರ ಚಿತ್ರವನ್ನು ತೆಗೆದವರು ಅವರ ಜೊತೆಗಾರರು. 2007ರಲ್ಲಿ ಪ್ರಕಟವಾದ ಬೋನಿ ಯೋಕೆಲ್ಸನ್ ಮತ್ತು ಡೇನಿಯಲ್ ಸಿಟ್ರಮ್ ಅವರ ಅಧ್ಯಯನವು ರೀಸ್ ಅವರನ್ನು ಪತ್ರಕರ್ತ ಹಾಗೂ ಉಪನ್ಯಾಸಕನ ನೆಲೆಯಲ್ಲಿ ನೋಡಿ ಈ ವಿಷಯಗಳನ್ನು ಚರ್ಚಿಸುತ್ತದೆ.

ಇಷ್ಟಾದರೂ, ಬಡತನಕ್ಕೆ ವ್ಯಕ್ತಿಯ ದೋಷವೊಂದೇ ಕಾರಣವಲ್ಲ, ವಸತಿಯ ಸ್ಥಿತಿಯೂ ಕಾರಣ ಎಂಬ ವಿಚಾರವನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿದ ಶ್ರೇಯ ಅವರಿಗೆ ಸಲ್ಲುತ್ತದೆ.

ಪ್ರಭಾವ ಮತ್ತು ಸ್ಮರಣೆ

ಬೀದಿಯ ಬಡವರನ್ನು ಚಿತ್ರಿಸಿದವರಲ್ಲಿ ರೀಸ್ ಮೊದಲಿಗರಲ್ಲ. 1877-78ರಲ್ಲಿ ಜಾನ್ ಥಾಮ್ಸನ್ ಮತ್ತು ಅ್ಯಡಾಲ್ಫ್ ಸ್ಮಿತ್ ಲಂಡನ್ನಿನ ಬೀದಿ ಜೀವನವನ್ನು ಛಾಯಾಚಿತ್ರ ಮತ್ತು ಬರಹಗಳ ಮೂಲಕ ಪ್ರಕಟಿಸಿದ್ದರು. ಆದರೆ ಕತ್ತಲ ಒಳಾಂಗಣಗಳನ್ನು ಬೆಳಕಿಗೆ ತಂದು, ಚಿತ್ರಗಳನ್ನು ನಿರ್ದಿಷ್ಟ ಕಾನೂನು ಬದಲಾವಣೆಗೆ ಬಳಸಿದ್ದು ರೀಸ್ ಅವರ ವಿಶೇಷ. ಬಾಲಕಾರ್ಮಿಕರನ್ನು ಚಿತ್ರಿಸಿದ ಲೂಯಿಸ್ ಹೈನ್ ಹಾಗೂ 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ನಿರ್ಗತಿಕರನ್ನು ಚಿತ್ರಿಸಿದ ಡೊರೊಥಿಯಾ ಲ್ಯಾಂಗ್ ಮುಂತಾದವರು ಇದೇ ಪರಂಪರೆಯನ್ನು ಮುಂದುವರಿಸಿದರು.

ನ್ಯೂಯಾರ್ಕ್ ನಗರಾಡಳಿತ ಬಡವರಿಗೆ ತಾನೇ ಮನೆ ಕಟ್ಟಿಕೊಡುವ ಯೋಜನೆಯನ್ನು ಆರಂಭಿಸಿದ್ದು ರೀಸ್ ತೀರಿಕೊಂಡ ಎರಡು ದಶಕಗಳ ನಂತರ. ಮ್ಯಾನ್‌ಹಟನ್ನಿನ ಪೂರ್ವ ಭಾಗದಲ್ಲಿರುವ ಸಾರ್ವಜನಿಕ ವಸತಿ ಸಮುಚ್ಚಯವೊಂದಕ್ಕೂ ಕ್ವೀನ್ಸ್‌ನ ಸಮುದ್ರ ತೀರದ ಉದ್ಯಾನವನವೊಂದಕ್ಕೂ ಅವರ ಹೆಸರಿದೆ. ಅವರ ಚಿತ್ರಗಳಲ್ಲಿರುವ ಹೆಚ್ಚಿನವರ ಹೆಸರುಗಳು ಮಾತ್ರ ದಾಖಲಾಗಿಲ್ಲ.

ಪ್ರಮುಖ ಕೃತಿಗಳು

- ಹೌ ದಿ ಅದರ್ ಹಾಫ್ ಲಿವ್ಸ್ (1890)
- ದಿ ಚಿಲ್ಡ್ರನ್ ಆಫ್ ದಿ ಪೂರ್ (1892)
- ಔಟ್ ಆಫ್ ಮಲ್ಬೆರಿ ಸ್ಟ್ರೀಟ್ (1898)
- ಎ ಟೆನ್ ಇಯರ್ಸ್ ವಾರ್ (1900)
- ದಿ ಮೇಕಿಂಗ್ ಆಫ್ ಆ್ಯನ್ ಅಮೆರಿಕನ್ (1901)
- ದಿ ಬ್ಯಾಟಲ್ ವಿತ್ ದಿ ಸ್ಲಂ (1902)
- ಥಿಯೋಡೋರ್ ರೂಸ್‌ವೆಲ್ಟ್: ದಿ ಸಿಟಿಜನ್ (1904)